ನಾಲ್ಕನೆಯ ಸಲ ಒರೆಸಿದ್ದು

ನವೆಂಬರ್ 14, ಗುರುವಾರ

ಆ ಮಚ್ಚೆ ನನ್ನದಲ್ಲ! ಬಾಹ್ಯಾಕಾಶ ನೌಕೆಯ ಕ್ಯಾಮೆರಾ ಲೆನ್ಸನ್ನು, ಗೀರು ಬೀಳದಿರಲೆಂದು, ಮೂರೇ ಸಲ ಒರೆಸಬೇಕೆಂಬುದು ನಮ್ಮ ಕಾರ್ಖಾನೆಯ ನಿಯಮ. ಅದನ್ನು ಕಾರ್ಖಾನೆಯಿಂದ ಕಳಿಸುವ ದಿನ ನಾನು ನಾಲ್ಕನೆಯ ಸಲ ಒರೆಸಿಬಿಟ್ಟಿದ್ದೆ. ಆಮೇಲೆ ಪತ್ರಿಕೆಯಲ್ಲಿ ಬಂದ, ಆ ಕ್ಯಾಮೆರಾ ತೆಗೆದ ಕ್ಷುದ್ರಗ್ರಹದ ಚಿತ್ರದ ಮೂಲೆಯಲ್ಲಿ ಕಪ್ಪು ಮಚ್ಚೆ ಕಂಡಾಗಿನಿಂದ ಒಳಗೊಳಗೇ ಬೇಯುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ಇವತ್ತು ಮಧ್ಯಾಹ್ನ ಮಿಕಾನ್ ಕಿತ್ತಳೆ ಸುಲಿಯುತ್ತ ಮಗಳು ಚಿಜುರುವಿನ ಮುಂದೆ ಬಾಯಿಬಿಟ್ಟೆ. ಅವಳು ಎಲ್ಲರಿಗೂ ತೆರೆದಿರುವ ಆ ಯಾನದ ಚಿತ್ರಭಂಡಾರವನ್ನು ಕಂಪ್ಯೂಟರಿನಲ್ಲಿ ತೆಗೆದು, ದಿನಾಂಕ ಹಿಡಿದು ಹಿಂದೆ ಹಿಂದೆ ಹೋದಳು. ನೌಕೆ ಕ್ಷುದ್ರಗ್ರಹದ ನೆಲ ಮುಟ್ಟುವ ಮೊದಲಿನ ಚಿತ್ರಗಳಲ್ಲಿ ಮೂಲೆ ಸ್ವಚ್ಛ! ಅಲ್ಲಿ ಧೂಳೆದ್ದ ಮೇಲೆಯೇ ಮಚ್ಚೆ.

“ಅಯ್ಯೋ ಅಮ್ಮ, ಎಲ್ಲೋ ಇರೋ ಧೂಳಿಗೆ ಇಷ್ಟು ವರ್ಷ ನಿನ್ನನ್ನ ನೀನೇ ಬೈಕೊಂಡ್ಯಲ್ಲ!” ಎಂದು ನಕ್ಕಳು.

ಇದನ್ನು ಬರೆಯುವ ಮೊದಲು ಕನ್ನಡಕವನ್ನು ಬೇಕೆಂದೇ ನಾಲ್ಕು ಸಲ ಒರೆಸಿದೆ. ಆದರೂ ಅಕ್ಷರಗಳೆಲ್ಲ ಮಂಜುಮಂಜು...