ಬೆರಳ ತುದಿಯ ಬೊಬ್ಬೆಗಳು

ಅಪ್ಪಾ,

ನೀನು ಹೋಗಿ ಎರಡು ವರ್ಷವಾಯಿತು. ಓದುವವರಿಲ್ಲ ಎಂದೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಇವತ್ತು ಮನಸ್ಸಿನ ಡಾಕ್ಟರ ಹತ್ತಿರ ಹೋಗಿದ್ದೆ. ನಮ್ಮ ಅಂಗಡಿಗೆ ಬೀಗ ಹಾಕಿದ ಮೇಲೂ ನಾಲ್ಕೈದು ಸಲ ವಾಪಸು ಹೋಗಿ, ಇಸ್ತ್ರಿಪೆಟ್ಟಿಗೆ ಆರಿದೆಯೋ ಇಲ್ಲವೋ ಎಂದು ಮುಟ್ಟಿ ನೋಡುತ್ತೇನೆ. ಬೆರಳ ತುದಿಗಳಲ್ಲೆಲ್ಲ ಬೊಬ್ಬೆ.

ಡಾಕ್ಟರಮ್ಮ ಅವನ್ನು ನೋಡಿ, "ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತೇನಮ್ಮಾ?" ಎಂದರು.

"ಇಲ್ಲ, ಯಾರಿಗೂ ಇಲ್ಲ" ಎಂದುಬಿಟ್ಟೆ.

ನಿನಗೂ ಹೀಗೇ ಇತ್ತಲ್ಲ. ನೀನು ಅರ್ಧ ದಾರಿಯಿಂದ ತಿರುಗಿ ಓಡಿದಾಗಲೆಲ್ಲ, "ನಮ್ಮಪ್ಪ ಪೆಟ್ಟಿಗೆಗೆ ಟಾಟಾ ಹೇಳೋದು ಮರ್ತುಬಿಟ್ಟ" ಎಂದು ದಾರಿಯಲ್ಲಿ ಸಿಕ್ಕ ಗಿರಾಕಿಗಳ ಮುಂದೆ ಮೊದಲು ನಕ್ಕವಳು ನಾನೇ. ಸುಟ್ಟ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನೀನೂ ನಗುತ್ತಿದ್ದೆ.

"ಇದು ಹುಚ್ಚಲ್ಲಮ್ಮ, ಕಾಯಿಲೆ. ಯಾವ ವಯಸ್ಸಲ್ಲಿ ಬಂದ್ರೂ ಹಿಡಿತಕ್ಕೆ ತರಬಹುದು. ನಾಚ್ಕೊಳ್ಳೋಕೆ ಏನಿದೆ?" ಎಂದರು ಡಾಕ್ಟರಮ್ಮ.

ಯಾವ ವಯಸ್ಸಲ್ಲಿ ಬಂದರೂ ಎಂದರಲ್ಲ, ನನಗೆ ತಲೆ ಎತ್ತಲಾಗಲಿಲ್ಲ. ಆಗಲಾದರೂ ನಿನ್ನ ವಿಷಯ ಹೇಳಬಹುದಿತ್ತು.

ಅವರು ಚೀಟಿಯಲ್ಲಿ ಬರೆದುಕೊಂಡು, ಗಟ್ಟಿಯಾಗಿ ಓದಿದರು: "ಮನೆಯಲ್ಲಿ ಯಾರಿಗೂ ಇರಲಿಲ್ಲ. ಸರಿ ತಾನೇ?"

"ಸರಿ" ಎಂದೆ, ಅಪ್ಪಾ.