ಹಂಪವ್ವನ ಗೂಡಿನ ಮೇಲೆ ಕುಳಿತ ಚಿತ್ರ

ಬೆಟಗೇರಿ,
೨೧೮೪, ಹದಿಮೂರನೆಯ ತಿಂಗಳ ಇಪ್ಪತ್ತಾರು

ಮಹಾನಂದಾ ಅಜ್ಜಿಯವರಿಗೆ ನಮಸ್ಕಾರಗಳು.

ಈ ದಿನ ಬೆಳಿಗ್ಗೆ ಒಂದು ಮಗುವಿಗೆ ಜಾಗ ಕೊಡಲು ನಮ್ಮ ಇಡೀ ವಂಶವೃಕ್ಷ ಎಡಕ್ಕೆ ಸರಿದುಕೊಂಡಿತು. ಒಂದು ಚಿತ್ರ ಮಾತ್ರ ಸರಿಯಲಿಲ್ಲ. ಊಟದ ಪಂಕ್ತಿಗೆ ಒಬ್ಬರು ಹೆಚ್ಚಿಗೆ ಬಂದರೆಂದು ಎಲ್ಲರೂ ಎಲೆ ಎಳೆದುಕೊಂಡು ಒತ್ತರಿಸುವಾಗ ಒಬ್ಬರು ಕೂತಲ್ಲೇ ಕೂತಿರುತ್ತಾರಲ್ಲ, ಹಾಗಿತ್ತು. ಆ ಚಿತ್ರವನ್ನು ಅಲ್ಲಿ ಇಟ್ಟವರು ನೀವು, ನೂರೈವತ್ತೆಂಟು ವರ್ಷಗಳ ಹಿಂದೆ. ಅದಕ್ಕೇ ನಿಮಗೆ ಈ ಪತ್ರ.

ಮೊದಲು ಕ್ಷಮೆ ಕೇಳಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಓದಿದ್ದೇನೆ, ಆಡಿ ಗೊತ್ತಿಲ್ಲ. ಎಲ್ಲಾದರೂ ಮಾತು ಸೊಟ್ಟಗೆ ಕಂಡರೆ ಮನ್ನಿಸಿ. ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ಕೊನೆಗೆ ಒಂದು ದಿನ ಮಿಕ್ಕುತ್ತದೆ, ಅದು ಯಾವ ತಿಂಗಳಿಗೂ ಸೇರಿದ್ದಲ್ಲ. ಅದನ್ನು ಉಳಿಕೆ ದಿನ ಎನ್ನುತ್ತೇವೆ. ಅಂದು ಯಾರೂ ದುಡಿಯುವುದಿಲ್ಲ. ಆ ವರ್ಷ ಹುಟ್ಟಿದ ಮಕ್ಕಳಿಗೆ ಹೆಸರಿಡುವುದು ಅಂದೇ. ಅದಕ್ಕೆ ಇನ್ನು ಮೂರು ದಿನವಿದೆ.

ನಾನು ಹಳೆಗಡತ ಶಾಲೆಯಲ್ಲಿ ಕೆಲಸಕ್ಕಿದ್ದೇನೆ. ನಿಮ್ಮ ಕಾಲದವರು ಬಿಟ್ಟುಹೋದ ಕಡತಗಳನ್ನು ನಿಮ್ಮ ಕಾಲದ್ದೇ ಯಂತ್ರಗಳಲ್ಲಿ ತೆರೆದು ಕೊಡುವ ಜಾಗ ಅದು. ಯಂತ್ರಗಳು ನಾಲ್ಕೇ ಇವೆ, ಈಗಿನ ಬಿಸಿಲು ತಡೆಯುವುದಿಲ್ಲ. ನೆಲಮಾಳಿಗೆಯಲ್ಲಿ ಒದ್ದೆ ಗೋಣಿತಾಟು ಸುತ್ತಿದ ಕೊಡಗಳ ನಡುವೆ ಅವನ್ನು ಇಟ್ಟಿದ್ದೇವೆ. ಕೋಳಿ ಕೂಗುವ ಹೊತ್ತಿಗೆ ಕೆಲಸ ಶುರು. ಹತ್ತು ಗಂಟೆಗೆಲ್ಲ ಮನೆ ಸೇರಬೇಕು. ಆಮೇಲೆ ಸಂಜೆ ಐದರವರೆಗೆ ಊರೇ ಬಾಗಿಲು ಹಾಕಿಕೊಂಡಿರುತ್ತದೆ. ಬೇರೆಯವರ ಮದುವೆಯ ಕರೆಯೋಲೆ, ಕಿರಾಣಿ ಚೀಟಿ, ಅರ್ಧಕ್ಕೆ ಬಿಟ್ಟ ಜಗಳದ ಪತ್ರ, ಇವೇ ನನ್ನ ದಿನದ ಓದು. ಎದುರಿಗೆ ಕೂತು ಮಾತಾಡಿಸುವವರಿಲ್ಲದ ಕೆಲಸವಾದ್ದರಿಂದ ನನಗೆ ಒಗ್ಗಿದೆ.

ನೀವು ಮಾಡಿದ ವಂಶವೃಕ್ಷವನ್ನು ನಾವು ಪರದೆಯಲ್ಲಿ ನೋಡುವುದಿಲ್ಲ. ೨೦೯೧ರಲ್ಲಿ ಅದನ್ನು ಇಲ್ಲಿನ ಮಗ್ಗದಲ್ಲಿ ಬಟ್ಟೆಯಾಗಿ ನೇಯಿಸಿದರು. ಅದಕ್ಕೆ ಮನೆಪಟ ಎಂದು ಹೆಸರು. ಒಬ್ಬೊಬ್ಬರ ಚೌಕಕ್ಕೆ ಗೂಡು ಎನ್ನುತ್ತೇವೆ. ಆಮೇಲೆ ಹುಟ್ಟಿದವರನ್ನೆಲ್ಲ ಕೆಳ ಅಂಚಿಗೆ ತುಂಡು ಬಟ್ಟೆ ಜೋಡಿಸಿ ಹೊಲಿಯುತ್ತ ಬಂದು ಪಟ ಈಗ ಕೌದಿಯ ಹಾಗಾಗಿದೆ. ಈ ವರ್ಷ ಹೊಸದಾಗಿ ನೇಯಿಸಬೇಕೆಂದು ಹಿರಿಯರು ನಿಶ್ಚಯಿಸಿ, ನಿಮ್ಮ ಮೂಲ ಕಡತವನ್ನು ತೆರೆದು, ತೊಂಬತ್ತಮೂರು ವರ್ಷಗಳಲ್ಲಿ ಹುಟ್ಟಿದ ಮಕ್ಕಳನ್ನೂ ಅವರ ಚಿತ್ರಗಳನ್ನೂ ಸೇರಿಸುವ ಕೆಲಸವನ್ನು ನನಗೆ ಕೊಟ್ಟರು. ಉಳಿಕೆ ದಿನದ ಮರುದಿನ ಮಗ್ಗ ಹೂಡುತ್ತಾರೆ. ಒಮ್ಮೆ ನೇಯ್ದ ಮೇಲೆ ಇನ್ನು ನೂರು ವರ್ಷ ಯಾರೂ ಅದನ್ನು ಬಿಚ್ಚುವುದಿಲ್ಲ.

ಈ ಪಟದ ಮುಂದೆಯೇ ಮಕ್ಕಳಿಗೆ ಹೆಸರಿಡುತ್ತೇವೆ. ಕೂಸನ್ನು ಎತ್ತಿ ಹಿಡಿದು, ಅದರ ಮುಖ ಯಾವ ಹಿರಿಯರ ಚಿತ್ರವನ್ನು ಹೋಲುತ್ತದೆಂದು ನೋಡಿ, ಅವರ ಹೆಸರನ್ನೇ ಇಡುವುದು ಪದ್ಧತಿ. ಸೋದರತ್ತೆ ಆ ಹೆಸರನ್ನು ಕೂಸಿನ ಕಿವಿಯಲ್ಲಿ ಉಸುರಬೇಕು. ಆಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದುವುದು ನಿಮ್ಮ ಕಾಲದಲ್ಲೂ ಇತ್ತೆಂದು ಓದಿದ್ದೇನೆ. ಕಿವಿಯಲ್ಲಿ ಹೇಳಿದ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ನನ್ನ ಹೆಸರು ಹಂಪವ್ವ. ನಿಮ್ಮ ಅಜ್ಜಿಯ ಹೆಸರು ಅದು. ಪಟದಲ್ಲಿ ಅವರ ಗೂಡಿನ ಮೇಲಿರುವ ಹೆಂಗಸಿಗೆ ಕೂಡುಹುಬ್ಬು. ತುಸು ಗದ್ದ ಎತ್ತಿ ನೋಡುತ್ತಾರೆ, ಎಡಗೈಯಲ್ಲಿ ಗಡಿಯಾರ. ನನ್ನದೂ ಕೂಡುಹುಬ್ಬು. ಸಾವಿರದ ಒಂಬೈನೂರರ ಸುಮಾರಿಗೆ ಹುಟ್ಟಿದವರ ಕೈಗೆ ಅಂಥ ಗಡಿಯಾರ ಹೇಗೆ ಬಂತೆಂದು ಕೇಳುವ ಬದಲು ನಮ್ಮವರು ಹೆಮ್ಮೆಪಟ್ಟರು. ಹಂಪವ್ವ ರೈಲಿನ ಹೊತ್ತು ನೋಡಿಕೊಂಡು ರೊಟ್ಟಿ ಬಡಿಯುತ್ತಿದ್ದಳಂತೆ, ಗೌಡರೇ ಬಂದು ಅವಳನ್ನು ಹೊತ್ತು ಕೇಳುತ್ತಿದ್ದರಂತೆ. ಆ ಹೆಸರಿನ ಹುಡುಗಿಯರಿಗೆ ಹನ್ನೆರಡು ತುಂಬಿದ ದಿನ ಗಡಿಯಾರ ಕಟ್ಟುತ್ತಾರೆ. ನನ್ನನ್ನೂ ಸೇರಿಸಿ ನಾವು ನಾಲ್ವರು ಹಂಪವ್ವಂದಿರು. ಐದನೆಯವಳಾಗಬೇಕಾದದ್ದು ನನ್ನ ಅಣ್ಣನ ಮಗಳು, ಎರಡು ತಿಂಗಳ ಕೂಸು. ಮೊನ್ನೆಯೇ ಎತ್ತಿ ಹಿಡಿದು ನೋಡಿಯಾಗಿದೆ, ಹುಬ್ಬು ಕೂಡಿವೆ. ಸೋದರತ್ತೆ ನಾನೇ. ಹೆಸರು ಹೇಳಬೇಕಾದವಳೂ ನಾನೇ.

ಇನ್ನು ಬೆಳಗಿನ ವಿಷಯ. ಸರಿಯದೆ ಉಳಿದದ್ದು ಹಂಪವ್ವನ ಗೂಡಿನ ಮೇಲಿನ ಈ ಚಿತ್ರವೇ. ಉಳಿದ ಎಲ್ಲರ ಚಿತ್ರಗಳನ್ನು ನೀವು ಅವರವರ ಗೂಡಿಗೆ ಕಟ್ಟಿದ್ದೀರಿ. ಗೂಡು ಹೋದಲ್ಲಿಗೆ ಚಿತ್ರ ಹೋಗುತ್ತದೆ. ಈ ಒಂದನ್ನು ಮಾತ್ರ ಯಾವ ಗೂಡಿಗೂ ಕಟ್ಟದೆ ಹಾಳೆಯ ಮೇಲೆ ಕೈಯಿಂದ ಇಟ್ಟಿದ್ದೀರಿ. ಹಾಗಾದರೆ ನೀವು ಇಟ್ಟ ದಿನ ಅದು ಯಾರ ಬಳಿ ಇತ್ತು? ಕಡತದ ಒಂದು ಪ್ರತಿ ಮಾಡಿಕೊಂಡು, ನಿಮ್ಮ ನಂತರ ಸೇರಿದವರನ್ನು ಒಬ್ಬೊಬ್ಬರಾಗಿ ತೆಗೆಯುತ್ತ ಹೋದೆ. ಮೂವತ್ತೊಂದು ಜನ. ನನ್ನ ಮುತ್ತಜ್ಜಿಯ ಸರದಿ ಬಂದಾಗ, ಬರೀ ಪ್ರತಿಯೇ ಆದರೂ, ಬೆರಳು ತುಸು ಹೊತ್ತು ನಿಂತಿತು. ಕೊನೆಗೆ ಉಳಿದವರು ಮರದ ತುದಿಯ ಇಬ್ಬರು, ಒಬ್ಬ ತಂದೆ ಮತ್ತು ಅವನ ತಂದೆ. ಯಾವುದೋ ಹಳೆಯ ಖರೀದಿ ಪತ್ರದಲ್ಲಿ ಹೆಸರು ಸಿಕ್ಕಿತೆಂದು ನಿಮ್ಮ ನಂತರದವರು ಪಟ ನೇಯಿಸುವ ಮೊದಲೇ ಮೇಲೆ ಸೇರಿಸಿದ್ದು. ಅವರನ್ನು ತೆಗೆದದ್ದೇ ಎಲ್ಲ ಸಾಲುಗಳೂ ಎರಡು ಮೆಟ್ಟಿಲು ಮೇಲೇರಿದವು. ಹಂಪವ್ವನ ಗೂಡು ಚಿತ್ರದ ಕೆಳಗಿನಿಂದ ಜಾರಿ ಮೇಲೆ ಹೋಯಿತು. ಅದು ಖಾಲಿ. ನಿಮ್ಮ ಅಜ್ಜಿಯ ಫೋಟೊ ನಿಮ್ಮ ಬಳಿಯೂ ಇರಲಿಲ್ಲ. ಆ ಹೆಂಗಸು ಬಂದು ನಿಂತದ್ದು ನಿಮ್ಮ ಪಕ್ಕದಲ್ಲಿ.

ನಿಮ್ಮದೇ ಎತ್ತರ, ನಿಮ್ಮ ಚಿತ್ರದ್ದೇ ಅಳತೆ. ನಿಮ್ಮ ಎಡ ಹೆಗಲ ಮೇಲೆ ಕಾಣುವುದನ್ನು ನಾವು ಇಷ್ಟು ದಿನ ಸೆರಗಿನ ನೆರಿಗೆ ಎಂದುಕೊಂಡಿದ್ದೆವು. ಅವು ನಾಲ್ಕು ಬೆರಳು. ಅವರ ಚಿತ್ರದಲ್ಲಿ ಬಲತೋಳು ಅಂಚಿಗೆ ಬಂದು ಕತ್ತರಿಸಿಹೋಗಿದೆ. ಪಕ್ಕಪಕ್ಕ ಇಟ್ಟರೆ ತೋಳು ಬೆರಳಿಗೆ ಕೂಡುತ್ತದೆ. ಒಂದೇ ಫೋಟೊವನ್ನು ನೀವು ಎರಡು ಮಾಡಿದ್ದಿರಿ.

ನಿಮ್ಮ ತಂತ್ರಾಂಶ ಪ್ರತಿಯೊಂದನ್ನೂ ಸಾಲಾಗಿ ಬರೆದಿಟ್ಟುಕೊಂಡಿದೆ. ಚಿತ್ರ ಇಟ್ಟ ಆ ಮಧ್ಯಾಹ್ನ ನೀವು ಮೊದಲು ಅವರಿಗೊಂದು ಗೂಡು ತೆರೆದಿರಿ. ಸಂಬಂಧ ಏನೆಂದು ಅದು ಕೇಳಿತು. 'ಸಹೋದರಿ' ಎಂದಿರಿ, ಅಳಿಸಿದಿರಿ. 'ದತ್ತು' ಎಂದಿರಿ, ಅಳಿಸಿದಿರಿ. 'ಇತರೆ' ಎಂಬುದನ್ನು ಆರಿಸಿ ಹನ್ನೊಂದು ನಿಮಿಷ ಹಾಗೇ ಬಿಟ್ಟಿದ್ದೀರಿ, ಅದನ್ನೂ ಅಳಿಸಿದಿರಿ. ಆಮೇಲೆ ಗೂಡನ್ನೇ ತೆಗೆದುಹಾಕಿ, ಚಿತ್ರವನ್ನು ಮಾತ್ರ ಹಾಳೆಯ ಮೇಲಿಟ್ಟು ಹದಿನೇಳು ಸಲ ಸರಿಸಿದ್ದೀರಿ, ಕೊನೆಯ ಆರು ಸಲ ಕೂದಲೆಳೆಯಷ್ಟು. ಹೆಸರನ್ನು ಎಲ್ಲೂ ಬರೆಯಲಿಲ್ಲ. ಯಾರೆಂದು ನಿಮಗೆ ಗೊತ್ತಿತ್ತಲ್ಲ, ಬರೆಯಬೇಕೆಂದು ಅನಿಸಿರಲಿಕ್ಕಿಲ್ಲ. ನಿಮ್ಮ ಗೂಡಿನಿಂದ ಗಂಡನ ಕಡೆಗೂ ಗೆರೆಯಿಲ್ಲ, ಮಕ್ಕಳ ಕಡೆಗೂ ಇಲ್ಲ. ಅವರು ನಿಮಗೆ ಏನಾಗಬೇಕಿತ್ತೆಂದು ನಾನು ಊಹಿಸಿ ಬರೆಯುವುದಿಲ್ಲ.

ಹತ್ತಕ್ಕೆ ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ನಾನು ಮಾತಾಡುವುದೇ ಅಪರೂಪವಾದ್ದರಿಂದ ಎಲ್ಲರೂ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. ಮನೆಗೆ ಹಿರಿಯರಾದ ದೊಡ್ಡವ್ವ ಬಸಲಿಂಗವ್ವ, "ಇಪ್ಪತ್ನಾಕ ವರ್ಷ ಹಂಪವ್ವಾ ಅಂದ್ರ ಓ ಅಂದಿ. ಈಗ ನಾ ಯಾರು ಅಂತ ಆ ಡಬ್ಬೀನ ಕೇಳಾಕ ಹೋಗಿದ್ದಿಯೇನ?" ಎಂದರು. ಅಣ್ಣ ಕೊಟ್ರೇಶ ನಕ್ಕು, "ಹಂಗಾರ ಆ ಗಡಿಯಾರ ಬಿಚ್ಚಿಡವಾ ತಂಗಿ, ಅದು ನಮ್ಮ ಮನೀದಲ್ಲ" ಎಂದ. ಆ ಹೆಂಗಸಿಗೊಂದು ಬೇರೆ ಗೂಡು ಕೊಡಬೇಕೆಂದು ನಾನು ಅಂದಾಗ ದೊಡ್ಡವ್ವನ ಮುಖ ಗಂಟಾಯಿತು. "ರಕ್ತಿಲ್ಲ, ಲಗ್ನಿಲ್ಲ, ಅಕೀಗ್ಯಾಕ ಗೂಡು? ನಾಳೆ ಹಾಲು ಹಾಕಾಂವಂದೂ ಚಿತ್ರ ಹಚ್ಚೂಣೇನ? ಇದ್ದಲ್ಲೇ ಇರಲಿ. ಹಂಪವ್ವನ ಗೂಡಿಗೇ ಕಟ್ಟಿಬಿಡು, ಮತ್ತ ಜಾರಬಾರದು." ಅಲ್ಲಿಗೆ ಮಾತು ಮುಗಿಯಿತೆಂದು ರೊಟ್ಟಿ ಮುರಿದರು. ಅಣ್ಣನ ಹೆಂಡತಿ, ನನ್ನ ವೈನಿ ಪ್ರಭಾವತಿ ಮಾತ್ರ ಕೂಸನ್ನು ತಟ್ಟುತ್ತ ಕೂತಿದ್ದವರು, "ಅಕಿ ಹೆಸರು ಏನಿದ್ದೀತು?" ಎಂದು ಮೆಲ್ಲಗೆ ಕೇಳಿದರು.

ಈ ಪತ್ರವನ್ನು ನಿಮ್ಮ ಗೂಡಿನ ಟಿಪ್ಪಣಿಯ ಜಾಗದಲ್ಲಿ ಇಡುತ್ತೇನೆ. ಹಿಂದಿನವರಿಗೆ ಬರೆದದ್ದನ್ನು ಅವರ ಕಡತದೊಳಗೇ ಇಟ್ಟರೆ ಮುಟ್ಟುತ್ತದೆಂದು ಹಳೆಗಡತ ಶಾಲೆಯಲ್ಲಿ ಒಂದು ನಂಬಿಕೆ. ಮುಟ್ಟುವಂತಿದ್ದರೆ ಹೆಸರು ಆಗಲೇ ಅಲ್ಲಿ ಇರಬೇಕಿತ್ತಲ್ಲ ಎನ್ನುತ್ತಾನೆ ಅಣ್ಣ. ಅವನ ಮಾತು ಸರಿಯಿರಬಹುದು. ಆದರೂ ಕೇಳುತ್ತೇನೆ. ಇದು ನಿಮ್ಮ ಕೈ ಸೇರಿದರೆ, ಅವರಿಗೆ ಮತ್ತೆ ಗೂಡು ತೆರೆಯಿರಿ, ಚಿತ್ರವನ್ನು ಅದಕ್ಕೆ ಕಟ್ಟಿ, ಹೆಸರು ಬರೆಯಿರಿ. ಸಂಬಂಧದ ಜಾಗ ಖಾಲಿಯಿದ್ದರೆ ತಂತ್ರಾಂಶ ಎರಡು ಸಲ ತಕರಾರು ಮಾಡುತ್ತದೆ, ಮೂರನೆಯ ಸಲ ಒಪ್ಪುತ್ತದೆ. ನಾನು ಮಾಡಿ ನೋಡಿದ್ದೇನೆ.

ನೀವು ಬರೆಯಲಾಗದಿದ್ದರೆ ಇಲ್ಲಿ ಆಗುವುದು ಇಷ್ಟು. ಮಗ್ಗಕ್ಕೆ ಹೋಗುವ ಕಡತವನ್ನು ಕೊನೆಯದಾಗಿ ಮುಚ್ಚುವವಳು ನಾನು. ಅದರಲ್ಲಿ ಅವರು ನಿಮ್ಮ ಪಕ್ಕದಲ್ಲಿದ್ದಾರೆ, ಹೆಸರಿಲ್ಲದ ಒಂದು ಗೂಡಿನಲ್ಲಿ. ಆ ಗೂಡನ್ನು ನಿಮ್ಮದಕ್ಕೆ ಕಟ್ಟಿದ್ದೇನೆ. ಇನ್ನು ಎಷ್ಟೇ ಮಕ್ಕಳು ಹುಟ್ಟಲಿ, ಎಷ್ಟೇ ಹಿರಿಯರು ಸಿಗಲಿ, ನೀವು ಸರಿದರೆ ಅವರೂ ಸರಿಯುತ್ತಾರೆ. ಹಂಪವ್ವನ ಗೂಡು ಖಾಲಿ ಇರುತ್ತದೆ. ಆಕೆ ಫೋಟೊ ತೆಗೆಸಿಕೊಂಡಿರಲಿಲ್ಲ, ಅದರಲ್ಲಿ ಅವಮಾನವೇನಿಲ್ಲ. ನನ್ನ ಹೆಸರನ್ನು ನಾನು ಬದಲಿಸುವುದಿಲ್ಲ. ಮುಖ ಉಳಿಯದವರ ಹೆಸರನ್ನಾದರೂ ಯಾರಾದರೂ ಇಟ್ಟುಕೊಂಡಿರಬೇಕು. ಇಷ್ಟನ್ನು ನಾಳೆ ದೊಡ್ಡವ್ವನಿಗೆ ಎದುರಿಗೇ ಹೇಳುತ್ತೇನೆ. ಬೈಯುತ್ತಾರೆ. ಕಡತವನ್ನು ತೆರೆಯಲು ಈ ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ.

ಕೂಸಿನ ಹೆಸರನ್ನು ಮಾತ್ರ ಅವರಿಗೆ ಮೊದಲೇ ಹೇಳುವುದಿಲ್ಲ. ವೈನಿಗೆ ಹೇಳಿದ್ದೇನೆ. ಅವರು ಕೂಸಿನ ಹುಬ್ಬು ಸವರಿ, ಒಂದು ಸಲ ಬಾಯಲ್ಲಿ ಅಂದು ನೋಡಿ, ತಲೆ ಆಡಿಸಿದರು. ಕೂಸು ಹೋಲುವ ಆ ಮುಖದ ಹೆಸರು ನಮಗೆ ಸಿಗಲಿಲ್ಲ. ಆ ಮುಖವನ್ನು ಹದಿನೇಳು ಸಲ ಸರಿಸಿ ಪಕ್ಕಕ್ಕೆ ತಂದುಕೊಂಡವರ ಹೆಸರು ಗೊತ್ತಿದೆ, ಮತ್ತು ಈ ಮನೆಯಲ್ಲಿ ಅದನ್ನು ಇದುವರೆಗೆ ಯಾರಿಗೂ ಇಟ್ಟಿಲ್ಲ. ಉಳಿಕೆ ದಿನ ಹೆಂಗಸರು ಎಷ್ಟು ಬೇಕಾದರೂ ಗುದ್ದಲಿ. ನಾನು ಬಾಗಿ ಆ ಕಿವಿಯಲ್ಲಿ ಮಹಾನಂದಾ ಎನ್ನುತ್ತೇನೆ.

ನಿಮ್ಮ
ಹಂಪವ್ವ