ಗುಳಿ ಇದ್ದಲ್ಲಿ ಮೂರು ತ್ರಿಕೋನ

ಮಾರ್ಚ್ 4, ಬೆಳಗ್ಗೆ

ಇವತ್ತೂ ಲೇಟ್! ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಚಹಾ ಹಿಡಿದು ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ಮದುವೆಯಾಗಿ ಬಂದ ದಿನವೇ ಆರಿಸಿಕೊಂಡ ಕುರ್ಚಿ. ಬೇರೆ ಯಾರೂ ಕೂರುವುದಿಲ್ಲ, ಅಂದಮೇಲೆ ನನ್ನದೇ! ಹೊರಗೆ ಗಂಡ (ಗಂಡ! ಬರೆದರೂ ನಗು) ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ.

ಅತ್ತೆ ಟೈಲರ್. ಅವರ ಕತ್ತರಿಯ ಪ್ಲಾಸ್ಟಿಕ್ ಹಿಡಿ ಬಿರುಕು ಬಿಟ್ಟಿದೆ. ತೀರಿಕೊಂಡ ಮಾವನ ಕತ್ತರಿ ಅದು, ಅವರದೂ ಅದೇ ಕಸುಬು.

"ದಾರ ಸುತ್ಕೊಂಡ್ರಾಯ್ತು ಬಿಡು."

ನಾನು ಬಿಡುವವಳಾ? "ಆಫೀಸಿನ ತ್ರೀಡಿ ಮಷಿನ್‌ನಲ್ಲಿ ಹೊಸ ಪ್ಲಾಸ್ಟಿಕ್ ಹಿಡಿ ಪ್ರಿಂಟ್ ಮಾಡಿಸಿ ತರ್ತೀನಿ ಅತ್ತೆ. ಸೇಮ್ ಟು ಸೇಮ್!"

"ಸೇಮಾ?"

"ಕೂದಲೆಳೆಯಷ್ಟೂ ಆಚೀಚೆ ಆಗಲ್ಲ."

ಕೊಡುವ ಮೊದಲು ಒಮ್ಮೆ ಒರೆಸಿದರು. "ಹುಷಾರು, ಇಂಗ್ಲಿಷ್ ರಾಣಿ."

ಮಾರ್ಚ್ 6

ಸ್ಕ್ಯಾನ್ ಆಯಿತು! ಸ್ಕ್ಯಾನರ್ ಕೊಡುವುದು ಮೆಶ್ — ಲಕ್ಷಾಂತರ ಪುಟ್ಟ ತ್ರಿಕೋನಗಳ ಬಲೆ, ಒಳಗೆಲ್ಲ ಟೊಳ್ಳು. ಅದನ್ನು ಸಾಲಿಡ್, ಅಂದರೆ ಒಳಗೂ ತುಂಬಿದ ಗಟ್ಟಿ ಆಕಾರ, ಮಾಡಿದರೆ ಮಾತ್ರ ಕ್ಯಾಡ್ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ತೂತು ಕೊರೆಯಬಹುದು, ಅಳತೆ ತಿದ್ದಬಹುದು. ಇಷ್ಟು ತ್ರಿಕೋನ ಕೊಟ್ಟರೆ ಸಾಫ್ಟ್‌ವೇರ್ ಮುನಿಸಿಕೊಂಡು ಕೂರುತ್ತದೆ. ಕಡಿಮೆ ಮಾಡಿದೆ. ಬಿರುಕು ಮುಚ್ಚಿದೆ. ಮೇಲ್ಭಾಗದಲ್ಲಿ ಏನೋ ತಗ್ಗು... ಸ್ಕ್ಯಾನಿನ ದೋಷ ಇರಬೇಕು. ಸ್ಮೂತ್. ಅದೇ ಹೆಸರಿನಲ್ಲಿ ಸೇವ್. ಆಮೇಲೆ ಕನ್ವರ್ಟ್ — ಒಂದೇ ಸಲಕ್ಕೆ ಸಾಲಿಡ್! ಬಾಸ್ ಕೂಡ "ಭೇಷ್" ಅಂದರು.

ಹಳೆಯ ಹಿಡಿ ಒಡೆದೇ ಬಿಚ್ಚಬೇಕಾಯಿತು. ಚೂರುಗಳು ಕಸಕ್ಕೆ.

ಮಾರ್ಚ್ 9

ಕೊಟ್ಟೆ. ಅತ್ತೆಯ ಹೆಬ್ಬೆರಳು ಹಿಡಿಯ ಮೇಲೆ ಅತ್ತಿತ್ತ ಆಡಿತು. ಕತ್ತಲಲ್ಲಿ ಸ್ವಿಚ್ ಹುಡುಕುವ ಹಾಗೆ.

"ಚೆನ್ನಾಗಿದೆ. ಹಳೇದು ಎಲ್ಲಿ?"

"ಬಿಸಾಕಿದೆ ಅತ್ತೆ. ಪುಡಿಪುಡಿ ಆಗಿತ್ತು."

"ಓ."

ಅಷ್ಟೇ. ಎದ್ದು ಒಳಗೆ ಹೋದರು.

ಸಂಜೆ ಇವನು ಹೇಳಿದ. ಅದು ಸ್ಕ್ಯಾನಿನ ದೋಷ ಅಲ್ಲ, ಅಪ್ಪನ ಹೆಬ್ಬೆರಳು. ವರ್ಷಗಟ್ಟಲೆ ಒತ್ತಿ ಒತ್ತಿ ಸವೆದ ಗುಳಿ. ಅವರು ಹೋದಮೇಲೆ ಅಮ್ಮ ಅದರಲ್ಲೇ ಬೆರಳಿಟ್ಟು ಕತ್ತರಿಸೋದು.

"ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"

"ಸೇಮ್ ಟು ಸೇಮ್ ಅಂದೆಯಲ್ಲ."

ಮಾರ್ಚ್ 10

ಫೈಲ್ ತೆರೆದೆ. ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಗುಳಿ ಇದ್ದಲ್ಲಿ ಮೂರು ದೊಡ್ಡ ತ್ರಿಕೋನ. ಚಪ್ಪಟೆ. ಅಂಗೈಯಂತೆ ನುಣುಪು. ಬ್ಯಾಕಪ್‌ನಲ್ಲೂ ಅದೇ. ಬಾತ್‌ರೂಮಿಗೆ ಹೋಗಿ ಅತ್ತೆ.

"ಅತ್ತೆ" ಅಂತ ಬರೆದೆ ನೋಡು. ಅತ್ತದ್ದಕ್ಕೂ ಅವರಿಗೂ ಒಂದೇ ಪದ. ಇಂಗ್ಲಿಷ್ ಮೀಡಿಯಂನವಳಿಗೆ ಇವತ್ತು ಕಂಡಿತು.

ಮಾರ್ಚ್ 21

ಅಪ್ಪನ ಕೈಯನ್ನೇ ಎರಕ ಹೊಯ್ದ ಹಾಗೆ ಅಂತಾರಲ್ಲ ಎಲ್ಲರೂ ಇವನಿಗೆ! ಜೇಡಿಮಣ್ಣಿನಲ್ಲಿ ಇವನ ಹೆಬ್ಬೆರಳು ಒತ್ತಿಸಿದೆ. ಸ್ಕ್ಯಾನ್. ಈ ಸಲ ಒಂದು ತ್ರಿಕೋನವನ್ನೂ ಬಿಡಲಿಲ್ಲ. ಸಾಲಿಡ್ ಆಗಲು ಇಡೀ ಮಧ್ಯಾಹ್ನ ಹಿಡಿಯಿತು. ಕಾದೆ. ಆ ಗುಳಿ ಇರುವ ಹಿಡಿ ಪ್ರಿಂಟ್ ಮಾಡಿಸಿ ಕತ್ತರಿಗೆ ಹಾಕಿದೆ.

ಅತ್ತೆ ಬೆರಳಿಟ್ಟರು. ಕಣ್ಣು ಮುಚ್ಚಿದರು.

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರು ಅಂತಾರೆ. ನೀನು ಅಪ್ಪನ್ನ ಮಾಡೋಕೆ ಹೋಗಿ ಮಗನ್ನ ಮಾಡಿದೀಯಲ್ಲೇ."

ನಕ್ಕರು. ನಾನೂ ನಕ್ಕೆ. ಆಮೇಲೆ ಮೆಲ್ಲಗೆ, "ಅವರದು ಎಡಕ್ಕೆ ವಾಲಿತ್ತು."

ಏಪ್ರಿಲ್ 2, ಬೆಳಗ್ಗೆ

ಮಾವನ ಕತ್ತರಿ ಮೊಳೆಯಲ್ಲಿ ತೂಗುತ್ತಿದೆ. ಅತ್ತೆ ಅಂಗಡಿಯಿಂದ ಬೇರೆ ತಂದಿದ್ದಾರೆ. ಹೊಸದರ ಸದ್ದೇ ಬೇರೆ.

ಚಹಾ ಕುಡಿಯುತ್ತಿದ್ದೆ. ಬಟ್ಟೆ ಮಡಿಸುತ್ತಾ ಕೇಳಿದರು, "ಅಲ್ಲ ಕಣೇ, ಕಂಪ್ಯೂಟರಲ್ಲಿ ಅಳಿಸಿಹೋದದ್ದು ಎಲ್ಲಿಗೆ ಹೋಗುತ್ತೆ?"

ಕೇಳಿದರಲ್ಲ, ಮಾತಾಡಿದರಲ್ಲ ಅಂತ ಖುಷಿ ನನಗೆ. "ಎಲ್ಲಿಗೂ ಹೋಗಲ್ಲ ಅತ್ತೆ. ಅದರ ಜಾಗದಲ್ಲಿ ಬೇರೆ ಯಾವುದೋ ಬಂದು ಕೂತ್ಕೊಳ್ಳುತ್ತೆ, ಅಷ್ಟೇ."

ಮಡಿಸುತ್ತಿದ್ದ ಕೈ ನಿಂತಿತು. ನನ್ನನ್ನು ನೋಡಿದರು. ನನ್ನನ್ನಲ್ಲ... ಕುರ್ಚಿಯ ಬೆನ್ನನ್ನು, ಕೈ ಇಡುವಲ್ಲಿ ವರ್ಷಗಟ್ಟಲೆ ಒತ್ತಿ ಸವೆದ ಬೆತ್ತವನ್ನು. ಈ ಮನೆಯಲ್ಲಿ ಯಾರೂ ಕೂರದ ಕುರ್ಚಿ. ಬಂದ ದಿನದಿಂದ ನಾನು —